ಬೋಟ್ವಿನ್ನಿಕ್ ಮೇಷ್ಟ್ರು ಕೊಟ್ಟ ಹೋಂವರ್ಕ್

ಕಳೆದ ದಸರಾ ರಜೆಗೆ ಊರಿಗೆ, ಅಂದರೆ ದಢೇಸುಗೂರಿಗೆ ಹೋಗಿದ್ದೆ. ಸಿಂಧನೂರಲ್ಲಿ ರಾತ್ರಿ ಬಸ್ ಇಳಿದು ಮನೆ ಸೇರುವಷ್ಟರಲ್ಲಿ ಬೆಳಗಾಗಿತ್ತು. ಬಾಗಿಲಿಗೆ ಓಡಿ ಬರಬೇಕಿದ್ದ ಅಕ್ಕನ ಮಗ ಮುಖ ಊದಿಸಿಕೊಂಡು ಮೂಲೆಯಲ್ಲಿ ಕೂತಿದ್ದ. ಅವನ ಚೆಸ್ ಬೋರ್ಡು ಮಂಚದ ಕೆಳಗೆ ಬಿದ್ದಿತ್ತು.

“ಏನಾತೋ?” ಅಂದೆ.

“ನಾ ಇನ್ನ ಆಡಂಗಿಲ್ಲ ಮಾಮಾ. ನಂಗ ಆಗಂಗಿಲ್ಲಂತ.”

“ಸರ್‌ನ ಹುಡುಕಿ ಕೊಟ್ಟಾವ ನೀನ. ನೀನ ಸಮಾಧಾನ ಮಾಡು,” ಅಂದಳು ಅಕ್ಕ.

ಅಕ್ಕ ಹೇಳಿದ್ದು ಸರಿ. ಬೆಂಗಳೂರಿನ ಒಂದು ಆನ್‌ಲೈನ್ ಕೋಚಿಂಗ್‌ಗೆ ಟ್ರಯಲ್ ಕ್ಲಾಸ್ ಬುಕ್ ಮಾಡಿದ್ದು ನಾನೇ. ಅರ್ಧ ಗಂಟೆ ಆಡಿಸಿ ನೋಡಿ ಅವರು ರಿಪೋರ್ಟ್ ಕಳಿಸಿದ್ದರು: ಹುಡುಗನಿಗೆ ಸಹಜ ಪ್ರತಿಭೆ ಕಡಿಮೆ, ಹನ್ನೆರಡು ವರ್ಷ ಅಂದರೆ ಶುರು ಮಾಡೋಕೆ ತಡವೇ ಆಯ್ತು.

ಆ ರಿಪೋರ್ಟ್ ಓದುವಾಗ ನನಗೆ ನೆನಪಾಗಿದ್ದು ರಷ್ಯಾದ ಗ್ರ್ಯಾಂಡ್‌ಮಾಸ್ಟರ್ ಮಿಖಾಯಿಲ್ ಬೋಟ್ವಿನ್ನಿಕ್. ಸೋವಿಯತ್ ಚೆಸ್‌ನ ಹಿರಿಯಜ್ಜ ಅಂತಲೇ ಹೆಸರಾದವರು. ಅವರ ವೃತ್ತಿಜೀವನದ ಬಗ್ಗೆ ಬರೆಯುವವರೆಲ್ಲ ಒಂದು ಪ್ರಸಂಗವನ್ನು ತಮಾಷೆಯಾಗಿ ಹೇಳಿ ಮುಂದೆ ಹೋಗುತ್ತಾರೆ. ನನ್ನ ಪ್ರಕಾರ ಅದು ತಮಾಷೆಯಲ್ಲ. ಅವರನ್ನು ತೂಗಿ ನೋಡಬೇಕಾಗಿರುವುದೇ ಅಲ್ಲಿ.

ಮೊದಲು ಆಟಗಾರನ ಕಥೆ. ಬೋಟ್ವಿನ್ನಿಕ್ ಹುಟ್ಟಿದ್ದು 1911ರಲ್ಲಿ. ಚೆಸ್ ಕಲಿತದ್ದು 1923ರಲ್ಲಿ, ಹನ್ನೆರಡನೇ ವಯಸ್ಸಿನಲ್ಲಿ, ಅಣ್ಣನ ಸ್ನೇಹಿತನ ಹತ್ತಿರ, ಮನೆಯಲ್ಲೇ ಮಾಡಿದ ಕಾಯಿಗಳಿಂದ. (ತಡ ಆಯ್ತು ಅಂದವರಿಗೆ ಇದನ್ನು ತೋರಿಸಬೇಕು.) ಓದಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್. 1948ರಲ್ಲಿ ವಿಶ್ವ ಚಾಂಪಿಯನ್ ಆದಮೇಲೂ ಆ ಕೆಲಸ ಬಿಡಲಿಲ್ಲ, 1951ರಲ್ಲಿ ಡಾಕ್ಟರೇಟ್ ಮಾಡಿದರು. 1957ರಲ್ಲಿ ಸ್ಮಿಸ್ಲೋವ್‌ಗೆ ಸೋತು 1958ರಲ್ಲಿ ಪಟ್ಟ ವಾಪಸ್ ತಂದರು. 1960ರಲ್ಲಿ ಇಪ್ಪತ್ಮೂರರ ಹುಡುಗ ತಾಲ್‌ಗೆ ಸೋತು 1961ರಲ್ಲಿ ಮತ್ತೆ ಗೆದ್ದರು. ಕೊನೆಗೆ 1963ರಲ್ಲಿ ಪೆಟ್ರೋಸಿಯಾನ್ ಸೋಲಿಸಿದಾಗ ಮರುಪಂದ್ಯದ ನಿಯಮ ಇರಲಿಲ್ಲ.

ಚಾಂಪಿಯನ್‌ಗೆ ಮಾತ್ರ ಎರಡನೇ ಅವಕಾಶ ಕೊಡುತ್ತಿದ್ದ ಆ ನಿಯಮ ನ್ಯಾಯದ್ದಲ್ಲ ಅನ್ನೋರಿದ್ದಾರೆ, ನಾನೂ ಅವರಲ್ಲೊಬ್ಬ. ಆದರೆ ಸಿಕ್ಕ ಆ ಒಂದು ವರ್ಷದಲ್ಲಿ ಅವರು ಮಾಡಿದ್ದೇನು ನೋಡಿ. ಸೋತ ಆಟಗಳನ್ನು ಬಿಡಿಸಿ ಕೂತು, ತಪ್ಪಿದ್ದೆಲ್ಲಿ ಅಂತ ಹುಡುಕಿದರು. ನಿನ್ನ ಆಟಕ್ಕೆ ನೀನೇ ವಿಮರ್ಶೆ ಬರಿ, ಅದನ್ನು ಪ್ರಕಟಿಸು, ಬೇರೆಯವರು ಅದರಲ್ಲೂ ತಪ್ಪು ಹುಡುಕಲಿ ಅನ್ನೋದು ಅವರ ಪಾಠದ ಸಾರ.

ಆ ಪಾಠವನ್ನು ಮಕ್ಕಳಿಗೆ ಕೊಡಲು ಶುರು ಮಾಡಿದ್ದು 1963ರ ಸುಮಾರಿಗೆ. ಆಗ ಅವರ ಶಾಲೆಗೆ ಉರಲ್ ಸೀಮೆಯ ಜ್ಲಾತೌಸ್ತ್ ಎಂಬ ಕಾರ್ಖಾನೆ ಊರಿಂದ ಹನ್ನೆರಡು ವರ್ಷದ ಒಬ್ಬ ಸಣಕಲು ಹುಡುಗ ಬಂದ. ಬೋಟ್ವಿನ್ನಿಕ್ ಅವನ ಆಟ ನೋಡಿ, ಇವನಿಗೆ ಚೆಸ್ ಏನೇನೂ ಗೊತ್ತಿಲ್ಲ, ಈ ವೃತ್ತಿಯಲ್ಲಿ ಇವನಿಗೆ ಭವಿಷ್ಯ ಇಲ್ಲ ಎಂಬರ್ಥದ ಮಾತಾಡಿದರು. ಹುಡುಗನ ಹೆಸರು ಅನತೋಲಿ ಕಾರ್ಪೋವ್. 1966ರಲ್ಲಿ, ಹದಿನೈದಕ್ಕೇ, ಸೋವಿಯತ್ ಮಾಸ್ಟರ್ ಆದ. 1975ರಲ್ಲಿ ವಿಶ್ವ ಚಾಂಪಿಯನ್.

ಎಲ್ಲರೂ ನಗುವ ಪ್ರಸಂಗ ಇದು. ಆದರೆ ಇದರ ಇನ್ನರ್ಧವನ್ನು ಕಾರ್ಪೋವ್ ತಾವೇ ಬರೆದಿದ್ದಾರೆ: ಆಗ ನನ್ನ ತಿಳಿವಳಿಕೆ ಗೊಂದಲಮಯವಾಗಿದ್ದದ್ದು ನಿಜ, ಬೋಟ್ವಿನ್ನಿಕ್ ಕೊಟ್ಟ ಹೋಂವರ್ಕ್‌ನಿಂದ ಬಹಳ ಉಪಯೋಗ ಆಯ್ತು, ಪುಸ್ತಕ ತೆಗೆದು ಕಷ್ಟಪಟ್ಟು ಕೂರಲೇಬೇಕಾಯ್ತು ಅಂತ. ಅಂದರೆ ಮೇಷ್ಟ್ರ ತೀರ್ಪು ತಪ್ಪಾಯ್ತು, ಅವರು ಕೊಟ್ಟ ಕೆಲಸ ಕೈಹಿಡಿಯಿತು. ಭವಿಷ್ಯ ಇಲ್ಲ ಅಂದುಕೊಂಡ ಹುಡುಗನಿಗೂ ಅವರು ಹೋಂವರ್ಕ್ ಕೊಟ್ಟೇ ಕಳಿಸಿದ್ದರು.

ನನಗನ್ನಿಸುವುದು, ಬೋಟ್ವಿನ್ನಿಕ್ ಒಳ್ಳೆಯ ಗುರು, ಆದರೆ ಒಳ್ಳೆಯ ಜಡ್ಜ್ ಅಲ್ಲ. ಇದಕ್ಕೆ ಇನ್ನೊಂದು ಸಾಕ್ಷಿ ಅವರ ಕಂಪ್ಯೂಟರ್ ಕೆಲಸ. 1970ರಲ್ಲಿ ಸ್ಪರ್ಧೆಗಳಿಂದ ನಿವೃತ್ತರಾದ ಮೇಲೆ ‘ಪಯೊನೀರ್’ ಎಂಬ ಪ್ರೋಗ್ರಾಂ ಹಿಂದೆ ಬಿದ್ದರು. ಎಲ್ಲ ನಡೆಗಳನ್ನೂ ಲೆಕ್ಕ ಹಾಕುವುದು ಬೇಡ, ಮಾಸ್ಟರ್ ಒಬ್ಬ ನೋಡುವಂತೆ ಭರವಸೆ ಇರುವ ನಡೆಗಳನ್ನಷ್ಟೇ ನೋಡಿದರೆ ಸಾಕು ಅನ್ನೋದು ಅವರ ಐಡಿಯಾ. ಕೋಡ್ ಬರೆಯುವವರಿಗೆ ಗೊತ್ತಿರುತ್ತೆ, ಇದರ ಕಷ್ಟ ಇರುವುದು ಯಾವುದನ್ನು ಬಿಡಬೇಕು ಅಂತ ಮೊದಲೇ ತಿಳಿಯುವುದರಲ್ಲಿ. ಪಯೊನೀರ್ ಕೊನೆಗೂ ಗಟ್ಟಿ ಆಟಗಾರ ಆಗಲಿಲ್ಲ. ಬೋಟ್ವಿನ್ನಿಕ್ 1995ರಲ್ಲಿ ತೀರಿಕೊಂಡರು. ಎರಡು ವರ್ಷದ ನಂತರ, ಸೆಕೆಂಡಿಗೆ ಕೋಟಿಗಟ್ಟಲೆ ನಡೆಗಳನ್ನು ಜಾಲಾಡುತ್ತಿದ್ದ ಡೀಪ್ ಬ್ಲೂ ಯಂತ್ರ ಸೋಲಿಸಿದ್ದು ಅವರದೇ ಶಿಷ್ಯ ಕಾಸ್ಪರೋವ್‌ನನ್ನು.

ಕಾಸ್ಪರೋವ್ ಅವರ ಶಾಲೆಗೆ ಬಂದಿದ್ದು 1973ರಲ್ಲಿ, ಹತ್ತನೇ ವಯಸ್ಸಿಗೆ, ಬಾಕುವಿನಿಂದ. ಆಮೇಲೆ ಗುರುಶಿಷ್ಯರು ಜೊತೆಯಾಗಿ ನಡೆಸಿದ ಶಾಲೆಗೆ ಕಪ್ಪು ಸಮುದ್ರದ ದಡದ ತುಆಪ್ಸೆಯಿಂದ ಬಂದವನು ಕ್ರಾಮ್ನಿಕ್. 1985ರಲ್ಲಿ ಕಾರ್ಪೋವ್‌ನಿಂದ ಪಟ್ಟ ಕಸಿದದ್ದು ಕಾಸ್ಪರೋವ್, 2000ದಲ್ಲಿ ಕಾಸ್ಪರೋವ್‌ನನ್ನು ಸೋಲಿಸಿದ್ದು ಕ್ರಾಮ್ನಿಕ್. ಮೂವರಲ್ಲಿ ಒಬ್ಬನೂ ಮಾಸ್ಕೋದ ಹುಡುಗನಲ್ಲ. ವರ್ಷಕ್ಕೆ ಕೆಲವು ಸಲ ಶಾಲೆ ರಜೆಯಲ್ಲಿ ಸೇರುವುದು, ತಾವಾಡಿದ ಆಟಗಳನ್ನು ಎಲ್ಲರ ಮುಂದೆ ಬಿಡಿಸಿ ಹೇಳುವುದು, ಹೋಂವರ್ಕ್ ತಗೊಂಡು ಊರಿಗೆ ಮರಳುವುದು, ಶಾಲೆ ಅಂದರೆ ಇಷ್ಟೇ. ಉಳಿದ ದಿನವೆಲ್ಲ ಹುಡುಗ, ಅವನ ನೋಟ್‌ಬುಕ್ಕು.

ಇದನ್ನು ಹಾಗೇ ಎತ್ತಿಕೊಂಡು ಬಂದು ನಮ್ಮಲ್ಲಿ ನೆಡೋಕಾಗಲ್ಲ, ಒಪ್ಪುತ್ತೇನೆ. ಅವರ ಬೆನ್ನಿಗೆ ಸೋವಿಯತ್ ಸರ್ಕಾರವೇ ಇತ್ತು. ಇಲ್ಲಿ ಫೀಸು ಕಟ್ಟೋದು ಅಕ್ಕ. ಆದರೆ ಅವರ ಎರಡು ಕೆಲಸಗಳಲ್ಲಿ ನಮ್ಮ ಕೋಚಿಂಗ್ ಮಾರ್ಕೆಟ್ ಆರಿಸಿಕೊಂಡದ್ದು ತೀರ್ಪನ್ನು. ಹೋಂವರ್ಕ್ ಬೇಕಂದರೆ ಪ್ರೀಮಿಯಂ ಪ್ಲಾನ್. ನಾವೂ ಆಫೀಸಿನಲ್ಲಿ ಅರ್ಧ ಗಂಟೆ ಇಂಟರ್‌ವ್ಯೂ ಮಾಡಿ ‘ಫಿಟ್ ಇಲ್ಲ’ ಅಂತ ಬರೆದು ಊಟಕ್ಕೆ ಹೋಗೋರೇ ಅಲ್ವಾ?

ನಮ್ಮೂರಲ್ಲಿ ಕೃಷಿ ಸಂಶೋಧನಾ ಕೇಂದ್ರ ಇದೆ. ಒಂದು ಹೊಸ ಭತ್ತದ ತಳಿ ಒಳ್ಳೆಯದೋ ಅಲ್ಲವೋ ಅಂತ ಹೇಳೋಕೆ ಹಲವು ಹಂಗಾಮು, ಹಲವು ಕಡೆ ಬೆಳೆದು ನೋಡುತ್ತಾರೆ. ಭತ್ತಕ್ಕೆ ಸಿಗುವ ತಾಳ್ಮೆ ಹನ್ನೆರಡು ವರ್ಷದ ಹುಡುಗನಿಗೆ ಸಿಗಲಿಲ್ಲ. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್, ಮೈಸೂರಿನ ಎಂ.ಎಸ್. ತೇಜ್‌ಕುಮಾರ್, ಆ ಪದವಿ ಪಡೆದದ್ದು 2017ರಲ್ಲಿ, ಮೂವತ್ತು ದಾಟಿದ ಮೇಲೆ, ರೈಲ್ವೆ ನೌಕರಿಯಲ್ಲಿದ್ದುಕೊಂಡು. ಅದು ವಿಶ್ವನಾಥನ್ ಆನಂದ್ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆಗಿ 29 ವರ್ಷ ಕಳೆದ ಮೇಲೆ. ಅರ್ಧ ಗಂಟೆಯ ರಿಪೋರ್ಟಿಗೆ ಇಂಥ ಲೆಕ್ಕ ಎಲ್ಲಿ ಗೊತ್ತಾಗಬೇಕು?

ನನ್ನ ಅಳಿಯ ಕಾರ್ಪೋವ್ ಆಗುತ್ತಾನೆ ಅಂತ ನಾನು ಹೇಳ್ತಿಲ್ಲ. ಬಹುಶಃ ಆಗಲ್ಲ. ಹಾಗಂತ ನಾನು ತೀರ್ಪು ಕೊಟ್ಟರೆ ಅದೂ ಅರ್ಧ ಗಂಟೆಯ ರಿಪೋರ್ಟೇ. ಬೋರ್ಡನ್ನು ಮಂಚದ ಕೆಳಗಿಂದ ಎಳೆದು, ಒಂದು ನೂರು ಪೇಜಿನ ನೋಟ್‌ಬುಕ್ ಕೊಟ್ಟು, “ಗೆದ್ದದ್ದು ಬ್ಯಾಡ, ಸೋತ ಆಟ ಮಾತ್ರ ಬರಿ. ಎಲ್ಲಿ ತಪ್ಪಿದಿ ಅಂತ ನಿನಗ ಅನಸ್ತದೋ ಅದನ್ನೂ ಬರಿ. ವಾರಕ್ಕೊಂದು ನಂಗ ಕಳಸು,” ಅಂದು ಬಸ್ ಹತ್ತಿದೆ.

ಮೂರು ವಾರ ಏನೂ ಬರಲಿಲ್ಲ. ನಾಲ್ಕನೇ ಭಾನುವಾರ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ವಕ್ರವಕ್ರ ಅಕ್ಷರದಲ್ಲಿ ಮೂವತ್ತೊಂದು ನಡೆ, ಹದಿನಾಲ್ಕನೆಯದರ ಪಕ್ಕದಲ್ಲಿ ಕೆಂಪು ಪೆನ್ನಿಂದ: “ಇಲ್ಲಿ ಕುದುರಿ ಹಿಂದಕ್ಕ ತರಬೇಕಿತ್ತು. ಸಿಟ್ಟಿಗೆದ್ದು ಆನಿ ಹೊಡದೆ.”

ನಾನು ಬೋರ್ಡ್ ಹಾಕಿ ನೋಡಿದೆ. ಅವನು ಹೇಳಿದ್ದು ಸರಿಯಾಗೇ ಇತ್ತು.