ನಿಂತು ಬೇಯುವ ಬರ್ಗರ್

ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ ‘ಲೂಯಿಸ್ ಲಂಚ್’ ಎಂಬ ಪುಟ್ಟ ಇಟ್ಟಿಗೆ ಕಟ್ಟಡದ ಹೋಟೆಲಿದೆ. ಡೆನ್ಮಾರ್ಕಿನಿಂದ ವಲಸೆ ಬಂದ ಲೂಯಿಸ್ ಲಾಸೆನ್ 1895ರಲ್ಲಿ ಶುರುಮಾಡಿದ್ದು. 1900ರಲ್ಲಿ ಮೊದಲ ಹ್ಯಾಂಬರ್ಗರ್ ಹುಟ್ಟಿದ್ದು ಇಲ್ಲೇ ಎನ್ನುತ್ತದೆ ಆ ಕುಟುಂಬ. ಹೀಗೆ ಹೇಳಿಕೊಳ್ಳುವ ಊರುಗಳು ಅಮೆರಿಕದಲ್ಲಿ ಇನ್ನೂ ಹಲವಿವೆ. ಆ ಜಗಳ ಇತಿಹಾಸಕಾರರಿಗಿರಲಿ. ನನ್ನ ಕಣ್ಣೆಲ್ಲ ಒಲೆಯ ಮೇಲೆ.

ಎರಕದ ಕಬ್ಬಿಣದ ಆ ಗ್ಯಾಸ್ ಒಲೆಗಳು 1898ರ ಕಾಲದವು, ಇಂದಿಗೂ ಉರಿಯುತ್ತಿವೆ. ಅವುಗಳಲ್ಲಿ ಮಾಂಸ ಮಲಗುವುದಿಲ್ಲ, ನಿಲ್ಲುತ್ತದೆ. ಅಂದಂದೇ ಕೈಮಾ ಮಾಡಿದ ದನದ ಮಾಂಸವನ್ನು ಕೈಯಲ್ಲೇ ತಟ್ಟಿ, ತಂತಿಬಲೆಯ ನಡುವೆ ಸಿಕ್ಕಿಸಿ, ನೆಟ್ಟಗೆ ಒಳಗಿಡುತ್ತಾರೆ. ಬೆಂಕಿ ಎರಡೂ ಮಗ್ಗುಲಿಗೆ ಒಟ್ಟಿಗೇ ತಾಗುತ್ತದೆ, ಮಗುಚುವ ಗೊಡವೆಯೇ ಇಲ್ಲ. ಕರಗಿದ ಕೊಬ್ಬು ತೊಟ್ಟಿಕ್ಕಿ ಕೆಳಗಿಳಿಯುತ್ತದೆ. ತನ್ನ ಜಿಡ್ಡಿನಲ್ಲೇ ಕಾವಲಿಯ ಮೇಲೆ ಹೊರಳುವ ಬರ್ಗರಿಗೂ ಇದಕ್ಕೂ ಇರುವ ಅಂತರ, ಕರಿದ ಹಪ್ಪಳಕ್ಕೂ ಕೆಂಡದ ಮೇಲೆ ಸುಟ್ಟ ಹಪ್ಪಳಕ್ಕೂ ಇರುವಷ್ಟು.

ದುಂಡನೆಯ ಬನ್ ಇಲ್ಲಿಲ್ಲ. ಟೋಸ್ಟ್ ಮಾಡಿದ ಎರಡು ಬ್ರೆಡ್ ಚೂರು, ಬೇಕಿದ್ದರೆ ಚೀಸ್, ಟೊಮೆಟೊ, ಈರುಳ್ಳಿ. ಕೆಚಪ್, ಸಾಸಿವೆ ಸಾಸ್ ಕೇಳಿದರೂ ಕೊಡುವುದಿಲ್ಲ. ದುಡ್ಡು ಕೊಟ್ಟವನ ಮೇಲೆ ಇದೆಂಥ ದರ್ಬಾರು ಎನ್ನಿಸಬಹುದು. ಆದರೆ ಒಳ್ಳೆಯ ಮಾಂಸಕ್ಕೆ ಸಿಹಿಹುಳಿಯ ಕೆಂಪು ಮುಸುಕು ಹಾಕುವುದು ಅಡುಗೆಯವನಿಗೆ ಮಾಡುವ ಅವಮಾನವೇ. ನನ್ನ ಮತ ಲಾಸೆನ್ ಮನೆತನಕ್ಕೆ.

ಹಳೆಯ ಜಾಗದಲ್ಲಿ ಕಟ್ಟಡ ನೆಲಸಮವಾಗುವ ಹೊತ್ತು ಬಂದಾಗ, 1975ರಲ್ಲಿ, ಹೋಟೆಲನ್ನೇ ಎತ್ತಿಕೊಂಡು ಹೋಗಿ ಕ್ರೌನ್ ಬೀದಿಯಲ್ಲಿ ಇಳಿಸಿದರು. ಕೆಚಪ್ ನಿಷೇಧವೂ ಜೊತೆಗೇ ಹೋಯಿತು.