ಮುಕ್ತಿಯ ನಂತರದ ಮಾತು: ಪಂಡಿತಾ ರಮಾಬಾಯಿಯ ಪತ್ರಗಳನ್ನು ಯೆರವಡಾದಲ್ಲಿ ಓದಿದಾಗ

ಪುಣೆಯ ಕನ್ನಡಿಗರು ವರ್ಷಕ್ಕೆ ನಾಲ್ಕೈದು ಸಲವಾದರೂ ಕೇಡಗಾಂವ್ ದಾಟುತ್ತಾರೆ. ಸೊಲ್ಲಾಪುರ, ಕಲಬುರಗಿ, ರಾಯಚೂರಿನ ಕಡೆಗೆ ಹೋಗುವ ರೈಲು ದೌಂಡ್ ಮುಟ್ಟುವ ಮುಂಚೆ ಬರುವ ಸಣ್ಣ ಸ್ಟೇಷನ್ ಅದು. ಪಂಡಿತಾ ರಮಾಬಾಯಿ ತಮ್ಮ ಮುಕ್ತಿ ಸದನವನ್ನು ಕಟ್ಟಿದ್ದು ಅಲ್ಲಿ. ಅದೇ ರೈಲು ಹಳಿಯ ಇನ್ನೊಂದು ಊರಾದ ಕಲಬುರಗಿಯಲ್ಲಿ 1912ರ ಸುಮಾರಿಗೆ ಅವರು ಶಾಲೆಯೊಂದನ್ನು ತೆರೆದರು. ಮಗಳು ಮನೋರಮಾ ಅದನ್ನು ನೋಡಿಕೊಂಡರು. ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳದ ಕಡೆಯವರು. ಮನೆಮಾತು ಮರಾಠಿಯಾದರೂ ರಮಾಬಾಯಿಗೆ ಕನ್ನಡ ಬರುತ್ತಿತ್ತು. ಇಷ್ಟೆಲ್ಲ ಇದ್ದರೂ ನಮ್ಮ ಸಾಹಿತ್ಯದ ಮಾತುಕತೆಯಲ್ಲಿ ಅವರು ಒಬ್ಬ ಸಮಾಜ ಸುಧಾರಕಿಯಾಗಿ ಮಾತ್ರ ಬಂದು ಹೋಗುತ್ತಾರೆ. ಬರಹಗಾರ್ತಿಯಾಗಿ, ಅದರಲ್ಲೂ ಪತ್ರಗಳನ್ನು ಬರೆದವರಾಗಿ, ಅವರನ್ನು ಓದುವುದು ಕಡಿಮೆ.

ಅವರ ಪತ್ರಗಳನ್ನು ಇಂಗ್ಲೆಂಡಿನ ವಾಂಟೇಜ್ ಮಠದ ಸಿಸ್ಟರ್ ಜೆರಾಲ್ಡಿನ್ ಕೂಡಿಸಿಟ್ಟಿದ್ದರು. ಎ. ಬಿ. ಶಹಾ ಅವರ ಸಂಪಾದನೆಯಲ್ಲಿ 1977ರಲ್ಲಿ ಅವು ಪುಸ್ತಕವಾದವು. ಜೆರಾಲ್ಡಿನ್ ರಮಾಬಾಯಿಯ ಧರ್ಮಮಾತೆ, ಜಗಳದ ಎದುರಾಳಿಯೂ ಅವರೇ. ತನ್ನ ಮಾತು ಕೇಳದ ಮಗಳ ಕಾಗದಗಳನ್ನು ತಾಯಿಯೊಬ್ಬಳು ಪ್ರೀತಿಯಿಂದಲೂ ಬೇಸರದಿಂದಲೂ ಜೋಡಿಸಿಟ್ಟರೆ ಹೇಗಿರುತ್ತದೋ ಹಾಗಿದೆ ಈ ಸಂಗ್ರಹ. ಸಂಗ್ರಹಕಾರರ ಒಲವು ಎತ್ತ ಎಂಬುದು ಮುಚ್ಚಿಟ್ಟ ವಿಷಯವಲ್ಲ. ಆದರೂ ಓದುತ್ತ ಓದುತ್ತ ನಮ್ಮ ಮನಸ್ಸು ಎದುರು ಪಕ್ಷಕ್ಕೆ ಹೋಗಿಬಿಡುತ್ತದೆ. ರಮಾಬಾಯಿಯ ಗದ್ಯಕ್ಕೆ ಅಷ್ಟು ಶಕ್ತಿಯಿದೆ.

ಜಗಳದ ಹಿನ್ನೆಲೆ ಇಷ್ಟು. 1874ರ ಬರಗಾಲದಲ್ಲಿ ತಂದೆ, ತಾಯಿ, ಅಕ್ಕನನ್ನು ಕಳೆದುಕೊಂಡು, ಅಣ್ಣನ ಜೊತೆ ಕಾಲ್ನಡಿಗೆಯಲ್ಲಿ ದೇಶ ಸುತ್ತಿದ ಹುಡುಗಿ 1878ರಲ್ಲಿ ಕಲಕತ್ತೆಯ ಪಂಡಿತರಿಂದ ‘ಪಂಡಿತಾ’, ‘ಸರಸ್ವತಿ’ ಎಂದು ಕರೆಸಿಕೊಂಡಳು. ಜಾತಿ ಮೀರಿ ಬಂಗಾಳಿ ವಕೀಲರೊಬ್ಬರನ್ನು ಮದುವೆಯಾದಳು. ಎರಡೇ ವರ್ಷದಲ್ಲಿ ವಿಧವೆಯಾದಳು. 1883ರಲ್ಲಿ ಕೈಗೂಸಿನ ಜೊತೆ ಇಂಗ್ಲೆಂಡಿಗೆ ಹೋಗಿ, ಆ ಸೆಪ್ಟೆಂಬರಿನಲ್ಲಿ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ಪಡೆದಳು. ಅವಳನ್ನು ಸೆಳೆದದ್ದು ದೇವತಾಶಾಸ್ತ್ರದ ವಾದವಲ್ಲ. ‘ಕೆಟ್ಟವರು’ ಎಂದು ಸಮಾಜ ಹೊರಗಿಟ್ಟ ಹೆಣ್ಣುಮಕ್ಕಳನ್ನು ಆ ಸಿಸ್ಟರುಗಳು ಅಸಹ್ಯಪಡದೆ ನೋಡಿಕೊಳ್ಳುತ್ತಿದ್ದ ಒಂದು ಮನೆ. ತಾನು ಓದಿದ್ದ ಧರ್ಮಗ್ರಂಥಗಳಲ್ಲಿ ಆ ಹೆಣ್ಣುಗಳಿಗೆ ಜಾಗ ಸಿಕ್ಕಿರಲಿಲ್ಲ ಎಂದು ಅವರು ಮುಂದೆ ಬರೆದುಕೊಂಡರು. ಅಂದರೆ ಅವರಿಗೆ ಕ್ರೈಸ್ತ ಧರ್ಮ ಮೊದಲು ಕಂಡದ್ದು ಸೇವೆಯ ರೂಪದಲ್ಲಿ. ಸ್ವಾತಂತ್ರ್ಯದ ಪ್ರಶ್ನೆ ಬಂದದ್ದು ಅದಾದ ಮೇಲೆ.

ಬಂದದ್ದು ಜೋರಾಗಿಯೇ ಬಂತು. ಚೆಲ್ಟೆನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿದ್ದಾಗ ಗಂಡಸರಿಗೂ ಪಾಠ ಹೇಳಬಹುದೇ ಎಂಬ ಪ್ರಶ್ನೆ ಎದ್ದಿತು. ಬೇಡ ಎಂದರು ಬಿಷಪ್ಪರು, ಇಂಡಿಯಾದಲ್ಲಿ ಅವರ ಹೆಸರಿಗೆ ಧಕ್ಕೆಯಾದೀತು ಎಂದು. ಊರೂರಿನ ಸಭೆಗಳಲ್ಲಿ ಗಂಡಸರ ಎದುರು ಪುರಾಣ ಹೇಳಿ ಬದುಕಿದ ಹೆಣ್ಣಿಗೆ ಈ ಬುದ್ಧಿವಾದ! ಆಮೇಲೆ ತ್ರಿತ್ವದ ಬಗ್ಗೆ, ಸಭೆಯ ಅಧಿಕಾರದ ಬಗ್ಗೆ, ಮಗಳಿಗೆ ಏನು ಕಲಿಸಬೇಕು ಎನ್ನುವುದರ ಬಗ್ಗೆ ತಕರಾರು. ತನಗೆ ಕೊಟ್ಟ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ಸಂಸ್ಕೃತ ಯಾಕಾಗಬಾರದು ಎಂದೂ ಅವರು ಕೇಳಿದರು. ಒಂದು ಪುರೋಹಿತಶಾಹಿಯಿಂದ ಕಷ್ಟಪಟ್ಟು ಬಿಡಿಸಿಕೊಂಡು ಬಂದವಳು ಇನ್ನೊಂದರ ಕೆಳಗೆ ತಲೆ ತಗ್ಗಿಸಲಾರೆ ಎನ್ನುವುದು ಅವರ ವಾದದ ಸಾರ. ಜೆರಾಲ್ಡಿನ್ ಇದನ್ನು ಅಹಂಕಾರ ಎಂದು ಓದಿದರು. ಪ್ರಿನ್ಸಿಪಾಲರಾದ ಡೊರೊಥಿಯಾ ಬೀಲ್ ತಾಳ್ಮೆಯಿಂದ ಚರ್ಚೆ ನಡೆಸಿದರು. ಸಂಗ್ರಹದ ಅತ್ಯುತ್ತಮ ಪತ್ರಗಳಲ್ಲಿ ಬೀಲ್ ಜೊತೆಗಿನವು ಸೇರುತ್ತವೆ. ಯಾಕೆಂದರೆ ಅಲ್ಲಿ ರಮಾಬಾಯಿಗೆ ಕಾಪಾಡಿಕೊಳ್ಳುವ ಅವಸರವಿಲ್ಲ, ಯೋಚಿಸುವ ಬಿಡುವಿದೆ.

ಕ್ರೈಸ್ತ ಪರಂಪರೆಯಲ್ಲಿ ಈ ಜಗಳ ಹಳೆಯದು. ಪೌಲನು ಗಲಾತ್ಯದವರಿಗೆ ಬರೆದ ಪತ್ರದ ಹುರುಳು ಇದೇ: ಕಟ್ಟಳೆಯ ನೊಗದಿಂದ ಬಿಡುಗಡೆಯಾಗಿದೆ, ಮತ್ತೆ ನೊಗಕ್ಕೆ ಕತ್ತು ಕೊಡಬೇಡಿ. ಆದರೆ ಅಲ್ಲಿಗೇ ಅವನು ನಿಲ್ಲುವುದಿಲ್ಲ. ಆ ಬಿಡುಗಡೆಯನ್ನು ಸ್ವಂತ ಆಸೆಗಳಿಗೆ ಖರ್ಚು ಮಾಡಬೇಡಿ, ಪ್ರೀತಿಯಿಂದ ಒಬ್ಬರಿಗೊಬ್ಬರು ಆಳಾಗಿ ಎನ್ನುತ್ತಾನೆ. ಲೂಥರ್ 1520ರಲ್ಲಿ ಕ್ರೈಸ್ತನ ಸ್ವಾತಂತ್ರ್ಯದ ಬಗ್ಗೆ ಬರೆದ ಪುಟ್ಟ ಹೊತ್ತಗೆಯೂ ಇದೇ ಎರಡು ತುದಿಗಳನ್ನು ಹಿಡಿದು ಜಗ್ಗುತ್ತದೆ: ಯಾರಿಗೂ ಅಡಿಯಾಳಲ್ಲ, ಎಲ್ಲರಿಗೂ ಅಡಿಯಾಳು. ಕನ್ನಡದವರಿಗೆ ಇದು ಒಗಟಾಗಿ ಕಾಣಬೇಕಾಗಿಲ್ಲ. ಅರಸನ ಆಳ್ತನವನ್ನು ಒಲ್ಲೆ ಎಂದವರು ಜಂಗಮಕ್ಕೆ ದಾಸೋಹ ಮಾಡಿದ ನಾಡು ನಮ್ಮದು. ಪ್ರಶ್ನೆ ಇರುವುದು ಪೌಲನ ಎರಡನೆಯ ಅರ್ಧದಲ್ಲಿ. ‘ನನ್ನನ್ನು ಬಿಡಿ’ ಎಂದು ಹೇಳುವ ಗದ್ಯ ಬರೆಯುವುದು ಸುಲಭ, ಅದರಲ್ಲಿ ತಾನಾಗಿ ಬಿಸಿ ಇರುತ್ತದೆ. ಬಿಟ್ಟ ಮೇಲೆ ಏನು ಮಾಡಿದೆ ಎಂದು ಹೇಳುವ ಗದ್ಯ ಸಪ್ಪೆಯಾಗುವುದೇ ಹೆಚ್ಚು.

ರಮಾಬಾಯಿಯ ಮುಂದಿನ ಬರಹದಲ್ಲೂ ಹೀಗಾಯಿತು ಎಂದು ಹೇಳುವವರಿದ್ದಾರೆ. 1907ರಲ್ಲಿ ಬಂದ ಅವರ ಸಾಕ್ಷ್ಯದ ಪುಸ್ತಕವನ್ನು 1885ರ ಪತ್ರಗಳ ಪಕ್ಕದಲ್ಲಿಟ್ಟು ನೋಡಿದರೆ ನಿರಾಸೆಯಾಗುವುದು ಸಹಜ. ಪ್ರಶ್ನೆ ಕೇಳುತ್ತಿದ್ದ ದನಿ ಈಗ ಶರಣಾಗಿದೆ. ವಾದವಿದ್ದಲ್ಲಿ ಪ್ರಾರ್ಥನೆ ಬಂದಿದೆ. ಹರಿತ ಹೋಯಿತು ಎನ್ನುವುದು ಒಂದು ಓದು. ನನಗೆ ಆ ಓದು ಅರ್ಧ ಮಾತ್ರ ಸರಿ ಅನ್ನಿಸುತ್ತದೆ. ಏಕೆಂದರೆ ಅವರ ಸ್ವಾತಂತ್ರ್ಯದ ಹರಿತ ಆಮೇಲೆ ಸೇರಿಕೊಂಡದ್ದು ಬೇರೆ ಕಡೆ.

ಒಂದು, ಕೆಲಸದಲ್ಲಿ. 1896-97ರ ಬರಗಾಲದಲ್ಲಿ ಮಧ್ಯಪ್ರಾಂತಕ್ಕೆ ತಾವೇ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಬರದಲ್ಲಿ ಹೆತ್ತವರನ್ನು ಕಳೆದುಕೊಂಡವಳಿಗೆ ಹಸಿವಿನ ಮುಖ ಯಾರೂ ವಿವರಿಸಬೇಕಿರಲಿಲ್ಲ. ಕೇಡಗಾಂವ್‌ನಲ್ಲಿ ಆ ಹೆಣ್ಣುಗಳು ಬೇಸಾಯ ಮಾಡಿದರು, ನೇಯ್ದರು, ಅಚ್ಚುಮೊಳೆ ಜೋಡಿಸಿದರು. ಕುರುಡರಿಗೆ ಮನೋರಮಾ ಬ್ರೈಲ್ ಕಲಿಸಿದರು. 1897ರ ಪ್ಲೇಗ್ ಸಮಯದಲ್ಲಿ ಪುಣೆಯ ಪ್ಲೇಗ್ ಶಿಬಿರಗಳಲ್ಲಿ ಹೆಣ್ಣುಮಕ್ಕಳಿಗೆ ರಕ್ಷಣೆಯಿಲ್ಲ ಎಂದು ರಮಾಬಾಯಿ ಪತ್ರಿಕೆಗೆ ಬರೆದ ಕಾಗದ ಬ್ರಿಟಿಷ್ ಪಾರ್ಲಿಮೆಂಟಿನವರೆಗೆ ಹೋಯಿತು. ಬಿಷಪ್ಪರಿಗೆ ಬಗ್ಗದ ದನಿ ಸರ್ಕಾರಕ್ಕೂ ಬಗ್ಗಲಿಲ್ಲ. ಈಗ ಅದು ತನ್ನ ಪರವಾಗಿ ಮಾತಾಡುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಎರಡನೆಯದು ಭಾಷೆಯಲ್ಲಿ. ವಿಮರ್ಶೆ ಹೆಚ್ಚು ಗಮನ ಕೊಡಬೇಕಾದದ್ದು ಇಲ್ಲಿ. ಬದುಕಿನ ಕೊನೆಯ ವರ್ಷಗಳನ್ನು ರಮಾಬಾಯಿ ಬೈಬಲ್ಲನ್ನು ಮರಾಠಿಗೆ ತರುವುದರಲ್ಲಿ ಕಳೆದರು. ಅದಕ್ಕಾಗಿ ಹೀಬ್ರೂ, ಗ್ರೀಕ್ ಕಲಿತರು. ಇದ್ದ ಮರಾಠಿ ಬೈಬಲ್ ಹಳ್ಳಿಯ ಹೆಂಗಸರಿಗೆ ದಕ್ಕುವುದಿಲ್ಲ ಎನ್ನುವುದು ಅವರ ಕಾರಣ. ಇಡೀ ಪುಸ್ತಕ 1924ರಲ್ಲಿ, ಅವರು ತೀರಿಕೊಂಡ ಮೇಲೆ, ಮುಕ್ತಿಯ ಅಚ್ಚುಕೂಟದಿಂದಲೇ ಬಂತು. ಶಿಲುಬೆಯ ಮೇಲೆ ಸಂಸ್ಕೃತ ಬೇಕು ಎಂದು ಹಟ ಹಿಡಿದಿದ್ದವರು ಇವರೇ ಎನ್ನುವುದನ್ನು ನೆನಪಿಡಿ. ಇಂಗ್ಲೆಂಡಿನಲ್ಲಿ ಸಂಸ್ಕೃತ ಅವರ ಸ್ವಾಭಿಮಾನ. ‘ಪಂಡಿತಾ’ ಎಂಬ ಬಿರುದೂ ಅದರಿಂದಲೇ ಬಂದದ್ದು. ಕೇಡಗಾಂವ್‌ನಲ್ಲಿ ಅದೇ ಪಾಂಡಿತ್ಯವನ್ನು ಬದಿಗಿಟ್ಟು, ಅಕ್ಷರವನ್ನು ಆಗಷ್ಟೇ ಕಲಿತ ಹೆಂಗಸಿನ ನಾಲಿಗೆಗೆ ಒಗ್ಗುವ ಮಾತು ಹುಡುಕಿದರು. ಯಾರೂ ಕಸಿದುಕೊಳ್ಳಬಾರದು ಎಂದು ಕಾಪಾಡಿಕೊಂಡದ್ದನ್ನು ತಾನಾಗಿ ಬಿಟ್ಟುಕೊಡುವುದು ಬೇರೆ, ಕಳೆದುಕೊಳ್ಳುವುದು ಬೇರೆ. ಪೌಲನ ಎರಡು ಅರ್ಧಗಳನ್ನು ಹೀಗೆ ಒಂದೇ ಬದುಕಿನ ಎರಡು ಭಾಷಾನಿರ್ಧಾರಗಳಲ್ಲಿ ಕಾಣುವುದು ಅಪರೂಪ.

ಇಷ್ಟು ಹೇಳಿ ಮುಗಿಸಿದರೆ ಇದು ವಿಮರ್ಶೆಯಾಗುವುದಿಲ್ಲ, ಸ್ತುತಿಯಾಗುತ್ತದೆ. ಜೆರಾಲ್ಡಿನ್‌ರಿಂದ ತಾನು ಬಯಸಿದ ಸ್ವಾತಂತ್ರ್ಯವನ್ನು ರಮಾಬಾಯಿ ತನ್ನ ಆಶ್ರಯದಲ್ಲಿದ್ದವರಿಗೆ ಕೊಟ್ಟರೇ? 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದಾಗ ಧರ್ಮದ ವಿಷಯದಲ್ಲಿ ತಟಸ್ಥವಾಗಿರುತ್ತೇವೆ ಎಂಬ ಮಾತಿತ್ತು. ಮರುವರ್ಷ ಸದನ ಪುಣೆಗೆ ಬಂತು. ರಮಾಬಾಯಿ ತಮ್ಮ ಕೋಣೆಯಲ್ಲಿ ಪ್ರಾರ್ಥನೆ ಮಾಡುವಾಗ ಬಾಗಿಲು ಹಾಕುತ್ತಿರಲಿಲ್ಲ, ಹುಡುಗಿಯರು ಬಂದು ಕೂರುತ್ತಿದ್ದರು. ಗದ್ದಲವೆದ್ದು 1893ರಲ್ಲಿ ರಾನಡೆ, ಭಂಡಾರ್ಕರ್ ಅವರಂಥ ಸ್ನೇಹಿತರೂ ಸಲಹಾ ಸಮಿತಿ ಬಿಟ್ಟರು. ನನ್ನ ಪ್ರಾರ್ಥನೆಗೆ ನಾನೇಕೆ ಬಾಗಿಲು ಹಾಕಲಿ ಎನ್ನುವುದು ರಮಾಬಾಯಿಯ ನಿಲುವು, ನ್ಯಾಯವೂ ಹೌದು. ಆದರೆ ಊರಿನಲ್ಲಿ ಬೇರೆಲ್ಲೂ ಅನ್ನ ಸಿಗದ ಹದಿನಾಲ್ಕರ ವಿಧವೆಗೆ, ತನ್ನನ್ನು ಮೊದಲ ಬಾರಿ ಮನುಷ್ಯಳಂತೆ ಕಂಡವರ ತೆರೆದ ಬಾಗಿಲು ಬರೀ ಬಾಗಿಲಲ್ಲ. ಪ್ರೀತಿಗೂ ಒತ್ತಡವಿದೆ, ಮತ್ತು ಅದು ಒತ್ತಡದಂತೆ ಕಾಣುವುದಿಲ್ಲ. ಆ ಹುಡುಗಿಯರು ಏನಂದುಕೊಂಡರು ಎಂಬುದು ನಮಗೆ ಬಹುಪಾಲು ದೊಡ್ಡವರ ಕಾಗದಗಳ ಮೂಲಕವೇ ಸಿಗುತ್ತದೆ. ಸಂಗ್ರಹದ ದೊಡ್ಡ ಕೊರತೆ ಇದು.

ಈ ಕೊರತೆಯನ್ನು ಯೆರವಡಾ ಚೆನ್ನಾಗಿ ಕಾಣಿಸುತ್ತದೆ. 1922ರ ಮಾರ್ಚಿನಲ್ಲಿ ಗಾಂಧಿ ಮೊದಲ ಸಲ ಯೆರವಡಾ ಜೈಲಿಗೆ ಬಂದರು. ಏಪ್ರಿಲ್ 5ರಂದು ಕೇಡಗಾಂವ್‌ನಲ್ಲಿ ರಮಾಬಾಯಿ ತೀರಿಕೊಂಡರು. 1930ರಲ್ಲಿ ಎರಡನೆಯ ಸಲ ಬಂದಾಗ ಗಾಂಧಿ ಪ್ರತಿ ಮಂಗಳವಾರ ಆಶ್ರಮದವರಿಗೆ ವ್ರತಗಳ ಬಗ್ಗೆ ಪತ್ರ ಬರೆದರು. ಜೈಲನ್ನು ಅವರು ಮಂದಿರ ಎಂದು ಕರೆದಿದ್ದರಿಂದ ಅವು ಯೆರವಡಾ ಮಂದಿರದ ಪತ್ರಗಳೆಂದೇ ಹೆಸರಾದವು. ರಮಾಬಾಯಿಯ ಪತ್ರಗಳ ಜೊತೆ ಇವನ್ನು ಓದಿದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ರಮಾಬಾಯಿಗೆ ಕಟ್ಟಳೆ ಕಳಚಿದ ಮೇಲೆ ಸೇವೆ ಹುಟ್ಟುತ್ತದೆ. ಗಾಂಧಿಗೆ ವ್ರತ ಕಟ್ಟಿಕೊಂಡ ಮೇಲೆ ಬಿಡುಗಡೆ ಹುಟ್ಟುತ್ತದೆ. ದಾರಿ ತಿರುಗುಮುರುಗಾದರೂ ಮುಟ್ಟುವ ಜಾಗ ಒಂದೇ, ಪ್ರತಿಫಲ ಕೇಳದ ಸೇವೆ. ಗದ್ಯವಾಗಿ ಗಾಂಧಿಯ ಪತ್ರಗಳು ಹೆಚ್ಚು ಅಚ್ಚುಕಟ್ಟು. ಆದರೆ ಅವುಗಳಲ್ಲಿ ಎದುರು ಮಾತಿಲ್ಲ, ಹೇಳುವವರು ಒಬ್ಬರೇ.

ಎದುರು ಮಾತು ಎರಡು ವರ್ಷದ ನಂತರ ಅದೇ ಜೈಲಿಗೆ ನಡೆದು ಬಂತು. 1932ರ ಸೆಪ್ಟೆಂಬರ್ 20ರಂದು ಗಾಂಧಿ ಉಪವಾಸ ಕೂತರು. 24ರಂದು ಪುಣೆ ಒಪ್ಪಂದಕ್ಕೆ ಸಹಿಯಾಯಿತು. ಪ್ರತ್ಯೇಕ ಚುನಾವಣಾ ಕ್ಷೇತ್ರಗಳು ಹೋದವು, ಪ್ರಾಂತೀಯ ಸಭೆಗಳಲ್ಲಿ ದಲಿತರಿಗೆ ಮೀಸಲಾದ ಸ್ಥಾನ 71ರಿಂದ 148ಕ್ಕೆ ಏರಿತು. ಅಂಬೇಡ್ಕರ್ ಕೇಳಿದ್ದು ಸೇವೆಯನ್ನಲ್ಲ, ಹಕ್ಕನ್ನು. ಪ್ರೀತಿಯಿಂದ ಸಾಯಲು ಸಿದ್ಧನಾಗಿ ಕೂತ ಮನುಷ್ಯನ ಎದುರು ಹಕ್ಕು ಕೇಳುವುದು ಎಂಥ ಇಕ್ಕಟ್ಟು ಎನ್ನುವುದನ್ನು ಅವರು ಆಮೇಲೆ ಬಿಡದೆ ಬರೆದರು. ಅಸ್ಪೃಶ್ಯತೆಯ ವಿರುದ್ಧ ಹುಟ್ಟಿದ ಸಂಘ ಸೇವೆಗಿಂತ ಮೊದಲು ನಾಗರಿಕ ಹಕ್ಕುಗಳಿಗಾಗಿ ಹೋರಾಡಲಿ ಎಂಬ ಅವರ ಸಲಹೆಗೆ ಕಿವಿ ಸಿಗಲಿಲ್ಲ. ಶಾರದಾ ಸದನದ ಹುಡುಗಿಯರ ಪರವಾಗಿ ನಾವು ಊಹಿಸಬೇಕಾದ ಮಾತು ಇಲ್ಲಿ ಸ್ಪಷ್ಟವಾಗಿ ಕೇಳುತ್ತದೆ: ನೀವು ನಮ್ಮನ್ನು ಪ್ರೀತಿಸುತ್ತೀರಿ, ಸರಿ, ನಾವು ಬೇಡ ಎಂದರೂ ಪ್ರೀತಿಸುತ್ತೀರಾ?

ಪೌಲನ ವಾಕ್ಯವನ್ನು ಅಳೆಯಬೇಕಾದದ್ದು ಈ ಪ್ರಶ್ನೆಯಿಂದ. ಸೇವೆ ಪಡೆಯುವವರಿಗೂ ಸೇವೆ ಮಾಡುವವರಷ್ಟೇ ಬಿಡುಗಡೆ ಇದ್ದಾಗ ಮಾತ್ರ ಅದು ಪ್ರೀತಿ. ಇಲ್ಲವಾದರೆ ಹೊಸ ನೊಗ, ಮೆತ್ತಗಿನದು. ಇಂಗ್ಲೆಂಡಿನ ರಮಾಬಾಯಿ ಇದನ್ನು ಯಾರಿಗಿಂತಲೂ ಚೆನ್ನಾಗಿ ಬಲ್ಲವರು, ಏಕೆಂದರೆ ಜೆರಾಲ್ಡಿನ್‌ರ ಪ್ರೀತಿಯೂ ನಿಜವಾದದ್ದೇ. ಹಾಗಾಗಿ ಪುಣೆಯ ರಮಾಬಾಯಿಯನ್ನು ಪ್ರಶ್ನಿಸಲು ಹೊರಗಿನ ಅಳತೆಗೋಲು ಬೇಕಿಲ್ಲ, ಅವರ ಹಳೆಯ ಪತ್ರಗಳೇ ಸಾಕು. ಒಬ್ಬ ಲೇಖಕಿಯ ಬಗ್ಗೆ ಇದಕ್ಕಿಂತ ದೊಡ್ಡ ಮೆಚ್ಚುಗೆಯ ಮಾತು ನನಗೆ ತೋಚುವುದಿಲ್ಲ.

ನಾವು, ಊರು ಬಿಟ್ಟು ಬಂದವರು, ಈ ಪುಸ್ತಕವನ್ನು ಓದಲು ಇನ್ನೊಂದು ಕಾರಣವಿದೆ. ಜಾತಿಯ ಕಣ್ಣು, ಮನೆಯ ಹಿರಿಯರ ಮಾತು, ಊರವರ ಲೆಕ್ಕಾಚಾರ, ಇವುಗಳಿಂದ ಈ ನಗರ ನಮ್ಮನ್ನು ಒಂದಿಷ್ಟು ಬಿಡಿಸಿದೆ. ಆ ಬಿಡುಗಡೆಯ ಬಗ್ಗೆ ನಾವು ಬೇಕಾದಷ್ಟು ಕಥೆ, ಕವಿತೆ ಬರೆದಿದ್ದೇವೆ. ಅದರಿಂದ ಯಾರಿಗೆ ಏನಾಯಿತು ಎಂಬುದರ ಬಗ್ಗೆ ಬರೆದದ್ದು ಕಡಿಮೆ. ಯೆರವಡಾ, ಕಲ್ಯಾಣಿನಗರದ ಗಾಜಿನ ಕಟ್ಟಡಗಳಲ್ಲಿ ಕೂತವರೂ ಕನ್ನಡಿಗರೇ, ಪುಣೆಯ ಕಟ್ಟಡಗಳಿಗೆ ಇಟ್ಟಿಗೆ ಹೊರಲು ಕಲಬುರಗಿ, ಯಾದಗಿರಿಯಿಂದ ಬಂದವರೂ ಕನ್ನಡಿಗರೇ. ಅವರಿಗೆ ನಮ್ಮ ದಾನಕ್ಕಿಂತ ಮೊದಲು ಬೇಕಾಗಿರಬಹುದಾದದ್ದು ಮರಾಠಿಯ ಒಂದು ಅರ್ಜಿಯನ್ನು ಓದಿ ಹೇಳುವವರು, ಮಕ್ಕಳಿಗೆ ಶಾಲೆಯಲ್ಲಿ ಸೀಟು ಕೇಳಲು ಜೊತೆಗೆ ಬರುವವರು. ಏನು ಬೇಕು ಎಂದು ಅವರೇ ಹೇಳಲಿ.

ಪತ್ರಗಳ ಸಂಗ್ರಹ ಇಂಗ್ಲಿಷಿನಲ್ಲಿದೆ, ದಪ್ಪವಾಗಿದೆ. ಜೆರಾಲ್ಡಿನ್‌ರ ಟಿಪ್ಪಣಿಗಳನ್ನು ಬಿಟ್ಟು ಓದುವ ಆಸೆಯಾಗುತ್ತದೆ, ಆದರೆ ಬಿಡಬೇಡಿ. ಅವರ ಬೇಸರವನ್ನು ಕೇಳಿಸಿಕೊಂಡಾಗಲೇ ರಮಾಬಾಯಿ ಎಷ್ಟು ಬೆಲೆ ಕೊಟ್ಟು ಬಿಡಿಸಿಕೊಂಡರು ಎನ್ನುವುದು ತಿಳಿಯುವುದು.