‘ನಾನು’ ಬಿಡಿ ಎನ್ನುವ ಮೊದಲು

ಆತ್ಮಜಾಗೃತಿಯ ಶಿಬಿರಗಳು ಈಗ ದೊಡ್ಡ ಶಹರಗಳನ್ನು ದಾಟಿ ನಮ್ಮಂಥ ಊರುಗಳಿಗೂ ಬಂದಿವೆ. ಮುಹೂರ್ತವಿಲ್ಲದ ದಿನಗಳಲ್ಲಿ ಕಲ್ಯಾಣಮಂಟಪದ ಮುಂದೆ ಇವುಗಳ ಬ್ಯಾನರು ಕಾಣುತ್ತದೆ. ಒಳಗೆ ಇಣುಕಿದರೆ ಹೆಚ್ಚಿನವರು ಹೆಂಗಸರೇ. “ಮನೇಲಿ ಕೆಲಸ ಇಲ್ಲದವರು” ಎಂದು ನಗುವ ಗಂಡಸರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ದಿನವಿಡೀ ಎಲ್ಲರ ಮಾತಿಗೆ ಓಗೊಡುವ ಹೆಂಗಸಿನ ಮಾತನ್ನು ಕೂತು ಕೇಳುವವರು ಮನೆಯಲ್ಲಿ ಎಷ್ಟು ಜನ? ಎರಡು ಗಂಟೆ ಕಣ್ಣು ಮುಚ್ಚಿ ಕೂತರೂ “ನನ್ನ ಶರ್ಟ್ ಎಲ್ಲಿ” ಎಂದು ಯಾರೂ ಕೂಗದ ಜಾಗ ಸಿಕ್ಕಿದರೆ ಅಲ್ಲಿಗೆ ಹೋಗುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಅಂಥದೊಂದು ಗುಂಪಿಗೆ ನಾನೂ ಸೇರಿ ಐದು ತಿಂಗಳು ಹೋದೆ. ಅದರ ಹೆಸರು ಇಲ್ಲಿ ಬೇಡ. ಬೆಳಗಿನ ಉಸಿರಾಟದ ಅಭ್ಯಾಸ ನನಗೆ ಒಗ್ಗಿತು, ರಾತ್ರಿ ನಿದ್ದೆ ಚೆನ್ನಾಗಿ ಬರತೊಡಗಿತು. ಇದನ್ನು ಹೇಳದಿದ್ದರೆ ಅನ್ಯಾಯವಾದೀತು. ನನ್ನ ತಕರಾರು ಆ ಅಭ್ಯಾಸದ ಮೇಲಲ್ಲ, ಅದರ ಬೆನ್ನಿಗೆ ಒಂದೊಂದಾಗಿ ಬಂದ ಬೇಡಿಕೆಗಳ ಮೇಲೆ.

ಮೊದಲ ಹಂತದ ಶುಲ್ಕ ಕಡಿಮೆ. ಅದು ಮುಗಿಯುವ ದಿನವೇ ಎರಡನೆಯ ಹಂತದ ಅರ್ಜಿ ಕೈಗೆ ಬಂತು, ಶುಲ್ಕ ಮೂರು ಪಟ್ಟು. ಆಮೇಲೆ “ನಿಮಗೆ ಸಿಕ್ಕಿದ್ದನ್ನು ನಾಲ್ಕು ಜನಕ್ಕೆ ಹಂಚಿ” ಎಂದರು. ಅಂದರೆ ಅಕ್ಕ, ನಾದಿನಿ, ಪಕ್ಕದ ಮನೆಯವರನ್ನು ಕರೆತನ್ನಿ ಎಂದರ್ಥ. ಭಾನುವಾರ ಸೇವೆ: ಹೆಂಗಸರಿಗೆ ಅಡುಗೆಮನೆ, ಗಂಡಸರಿಗೆ ಮೈಕು ಮತ್ತು ಲೆಕ್ಕಪತ್ರ. ಮನೆಯಲ್ಲಿ ಬೇಡವೆನ್ನುವವರಿದ್ದರೆ ಅವರು ‘ನೆಗೆಟಿವ್’ ಜನ, ಅವರ ಮಾತು ಕಿವಿಗೆ ಹಾಕಿಕೊಳ್ಳಬಾರದು. ಇದ್ಯಾವುದನ್ನೂ ಸೇರುವ ದಿನ ಹೇಳಿರಲಿಲ್ಲ.

ದುಡ್ಡಿನ ಲೆಕ್ಕ ನೋಡಬಹುದೇ ಎಂದು ಒಂದು ದಿನ ಕೇಳಿದೆ. ಶಿಬಿರ ನಡೆಸುವವರು ನಕ್ಕು, “ಇದನ್ನ ಕೇಳ್ತಿರೋದು ನೀವಲ್ಲ ಮೇಡಂ, ನಿಮ್ಮ ಅಹಂಕಾರ” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಉತ್ತರದ ಜಾಣತನ ನೋಡಿ. ಒಪ್ಪಿದರೆ ಜಾಗೃತಿ, ಒಪ್ಪದಿದ್ದರೆ ಅಹಂಕಾರ! ತಕ್ಕಡಿ ಸರಿಯಾಗಿ ಹಿಡಿಯಮ್ಮ ಎಂದರೆ ಸಂತೆಯ ತರಕಾರಿಯವಳು ನನ್ನ ಅಹಂಕಾರದ ಮಾತೆತ್ತುವುದಿಲ್ಲ, ಇನ್ನೊಂದು ಬದನೆಕಾಯಿ ಹಾಕುತ್ತಾಳೆ.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ನೋವು ಹಂಚಿಕೊಳ್ಳುವ ಅವಧಿಯಲ್ಲಿ ಒಬ್ಬಾಕೆ ಎದ್ದು ನಿಂತು ಗಂಡ ಹೊಡೆಯುವುದನ್ನು ಹೇಳಿಕೊಂಡರು. ಸಿಕ್ಕ ಉತ್ತರ: “ನಿಮ್ಮ ಬದುಕಿನಲ್ಲಿ ಆಗೋದಕ್ಕೆಲ್ಲ ನೀವೇ ಹೊಣೆ. ಆ ಹೊಡೆತವನ್ನ ನೀವೇ ಕರೆದಿದ್ದೀರಿ. ಹೋಗಿ ಅವರ ಹತ್ತಿರ ಕ್ಷಮೆ ಕೇಳಿ.” ನಾನು ಎದ್ದು, “ಹೊಡೆದವರು ಅವರು, ಕ್ಷಮೆ ಕೇಳಬೇಕಾದವರು ಇವರಾ ಸರ್?” ಎಂದೆ. ಮತ್ತೆ ಅದೇ ಅಹಂಕಾರದ ಮಾತು, ಅದೇ ಚಪ್ಪಾಳೆ. ಆಕೆಯನ್ನು ಜಗುಲಿಗೆ ಕರೆದುಕೊಂಡು ಬಂದು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ವಿಷಯ ಹೇಳಿದೆ. ಸಂರಕ್ಷಣಾಧಿಕಾರಿಗೆ ದೂರು ಕೊಡಬಹುದು, ಗಂಡನ ಮನೆಯಲ್ಲೇ ಇರುವ ಹಕ್ಕನ್ನೂ ಕೇಳಬಹುದು ಎಂದೆ. ಆಕೆ, “ಗೊತ್ತಕ್ಕ. ಆದ್ರೆ ಅಷ್ಟು ಜನ ಚಪ್ಪಾಳೆ ತಟ್ಟಿದ್ರಲ್ಲ, ನಂದೇ ತಪ್ಪಿರಬೇಕು ಅನ್ನಿಸಿಬಿಡ್ತು” ಎಂದರು. ಅಂದಿಗೆ ನಾನು ಅಲ್ಲಿಗೆ ಹೋಗುವುದನ್ನು ನಿಲ್ಲಿಸಿದೆ.

‘ಎಲ್ಲಕ್ಕೂ ನೀವೇ ಹೊಣೆ’ ಎಂಬುದನ್ನು ನಮ್ಮ ಪುರಾತನ ಋಷಿಗಳ ಮಾತೆಂದು ಅಲ್ಲಿ ಹೇಳುತ್ತಿದ್ದರು. ಆದರೆ ಇದೇ ಧಾಟಿಯ ಮಾತು ಅಮೆರಿಕದಲ್ಲೂ ನಡೆದಿತ್ತು. 1971ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ವರ್ನರ್ ಎರ್ಹಾರ್ಡ್ ಎಂಬಾತ ‘ಎಸ್ಟ್’ ಎಂಬ ತರಬೇತಿ ಶುರುಮಾಡಿದ. ಎರಡು ವಾರಾಂತ್ಯ, ಸುಮಾರು 60 ಗಂಟೆ, ನೂರಾರು ಜನ ಒಂದೇ ಸಭಾಂಗಣದಲ್ಲಿ. ಬೇಕೆಂದಾಗ ಎದ್ದುಹೋಗುವಂತಿರಲಿಲ್ಲ. 1984ರಲ್ಲಿ ಅದು ನಿಂತಿತು. ಅದರ ರೀತಿ ಮಾತ್ರ ಬೇರೆ ಬೇರೆ ವೇಷದಲ್ಲಿ ಉಳಿದುಕೊಂಡಿದೆ.

ಇಷ್ಟಾದರೂ ಜನ ಯಾಕೆ ಬಿಡುವುದಿಲ್ಲ? ಎಲಿಯಟ್ ಆರನ್ಸನ್, ಜಡ್ಸನ್ ಮಿಲ್ಸ್ ಎಂಬ ಮನಶ್ಶಾಸ್ತ್ರಜ್ಞರು 1959ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಕಾಲೇಜು ಹುಡುಗಿಯರನ್ನು ಒಂದು ಚರ್ಚಾಕೂಟಕ್ಕೆ ಸೇರಿಸಿಕೊಂಡರು. ಕೆಲವರಿಗೆ ಸೇರುವ ಮೊದಲು ಮುಜುಗರದ ಪರೀಕ್ಷೆಯಿತ್ತು, ಕೆಲವರಿಗೆ ಏನೂ ಇರಲಿಲ್ಲ. ಆಮೇಲೆ ಎಲ್ಲರಿಗೂ ಬೇಕೆಂದೇ ಸಪ್ಪೆಯಾಗಿ ಮಾಡಿದ ಚರ್ಚೆಯೊಂದನ್ನು ಕೇಳಿಸಿದರು. ಹೆಚ್ಚು ಮುಜುಗರಪಟ್ಟವರೇ ಅದನ್ನು ಹೆಚ್ಚು ಹೊಗಳಿದರು! ಕೊಟ್ಟ ಬೆಲೆ ಹೆಚ್ಚಾದಷ್ಟೂ ‘ಇದು ಬೆಲೆಯುಳ್ಳದ್ದೇ’ ಎಂದು ನಂಬಬೇಕಾಗುತ್ತದೆ. ಅಂಥವರ ಹೊಗಳಿಕೆ ಸುಳ್ಳಲ್ಲ, ಆದರೆ ಅದೊಂದೇ ಸಾಕ್ಷಿ ಸಾಲದು.

ಶಿಸ್ತು ಕೇಳುವುದೇ ತಪ್ಪೆಂದು ನನ್ನ ವಾದವಲ್ಲ. ಗೋಯೆಂಕಾ ಅವರ ವಿಪಶ್ಯನದ ಹತ್ತು ದಿನ ಬಹಳ ಕಠಿಣ, ಮಾತೇ ಆಡುವಂತಿಲ್ಲ. ಆದರೆ ನಿಯಮಗಳನ್ನೂ ದಿನಚರಿಯನ್ನೂ ಮೊದಲೇ ಅಚ್ಚುಹಾಕಿ ಕೊಡುತ್ತಾರೆ. ಶುಲ್ಕವಿಲ್ಲ. ಒಮ್ಮೆ ಶಿಬಿರ ಪೂರೈಸಿದವರಿಂದ ಮಾತ್ರ, ಅವರು ಇಷ್ಟಪಟ್ಟರೆ, ದಾನ ತೆಗೆದುಕೊಳ್ಳುತ್ತಾರೆ. ಆ ಮಾರ್ಗ ಎಲ್ಲರಿಗೂ ಹಿಡಿಸಬೇಕೆಂದಿಲ್ಲ. ಏನು ಕೇಳುತ್ತಾರೆಂದು ತಿಳಿದು ಒಪ್ಪುವುದಕ್ಕೂ, ಒಳಗೆ ಕೂರಿಸಿಕೊಂಡ ಮೇಲೆ ಒಂದೊಂದಾಗಿ ಕೇಳಿಸಿಕೊಳ್ಳುವುದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಹೇಳುತ್ತಿದ್ದೇನೆ.

ನಮ್ಮ ನಾಡಿನಲ್ಲಿ ಅರಿವು ಮತ್ತು ಪ್ರಶ್ನೆ ಶತ್ರುಗಳಾಗಿರಲಿಲ್ಲ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕ ಮಾರಯ್ಯನದು. ಒಂದು ದಿನ ಅವನು ಹೆಚ್ಚು ತಂದಾಗ, ನಮಗೇಕೆ ಇಷ್ಟು ಎಂದು ಕೇಳಿ ಹಿಂದಕ್ಕೆ ಕಳಿಸಿದವಳು ಹೆಂಡತಿ ಲಕ್ಕಮ್ಮ. ಗಂಡನನ್ನು ಪ್ರಶ್ನಿಸಿದ್ದು ಅಹಂಕಾರವೆಂದು ಶರಣರು ಅವಳನ್ನು ಹೊರಗಿಡಲಿಲ್ಲ. ಅಲ್ಲಮನ ಒರಟು ಪ್ರಶ್ನೆಗಳಿಗೆ ಅಕ್ಕಮಹಾದೇವಿ ತಲೆಬಾಗಿ ಸುಮ್ಮನಿರದೆ ಸರಿಸಮನಾಗಿ ಉತ್ತರ ಕೊಟ್ಟಳೆಂದೇ ಶೂನ್ಯಸಂಪಾದನೆ ಹೇಳುತ್ತದೆ.

ಇನ್ನೊಂದು ಮಾತು. ‘ನಾನು ಎಂಬುದನ್ನು ಬಿಡಿ’ ಎಂದು ಅಧಿಕಾರದಲ್ಲಿ ಮೆರೆದ ಗಂಡಸಿಗೆ ಹೇಳಿದರೆ ಅದಕ್ಕೊಂದು ಅರ್ಥವಿದೆ. ನಮಗೆ? ಊಟದಲ್ಲಿ ಕೊನೆಯ ಸರದಿ, ಮದುವೆಯಾದ ಮೇಲೆ ಬದಲಾಗುವ ಇನಿಷಿಯಲ್ಲು, ತನ್ನ ಹೆಸರಿನಲ್ಲಿಲ್ಲದ ಮನೆ. ಬಿಡುವುದಕ್ಕೆ ‘ನಾನು’ ಮೊದಲು ಕೈಗೆ ಸಿಗಬೇಕಲ್ಲ! ಶರಣಾಗತಿಯನ್ನು ನಾವು ದುಡ್ಡು ಕೊಟ್ಟು ಕಲಿಯಬೇಕಾಗಿಲ್ಲ, ತವರಿನಲ್ಲೇ ಕಲಿಸಿ ಕಳಿಸಿರುತ್ತಾರೆ.

ಆದ್ದರಿಂದ ಇಂಥ ಗುಂಪಿಗೆ ಹೋಗಬೇಡಿ ಎಂದು ಹೇಳಲಾರೆ. ಹೋಗುವಾಗ ನಾಲ್ಕು ಮಾತು ಕೇಳಿ. ಒಟ್ಟು ಖರ್ಚು ಎಷ್ಟು? ಲೆಕ್ಕ ತೋರಿಸುತ್ತೀರಾ? ನಾನು ಹೇಳಿಕೊಂಡ ಗುಟ್ಟು ಈ ಕೋಣೆಯಲ್ಲೇ ಉಳಿಯುತ್ತದೆಯೇ? ನಡುವೆ ಬಿಟ್ಟುಹೋದರೆ ನನ್ನ ಬಗ್ಗೆ ಏನೆನ್ನುತ್ತೀರಿ? ನೇರವಾದ ಉತ್ತರ ಸಿಕ್ಕರೆ ಕೂತು ಕಣ್ಣು ಮುಚ್ಚಿ. ಉತ್ತರದ ಬದಲು ನಿಮ್ಮ ಅಹಂಕಾರದ ವಿಚಾರಣೆ ಶುರುವಾದರೆ ಚಪ್ಪಲಿ ಮೆಟ್ಟಿಕೊಂಡು ಹೊರಡಿ.